ಗಡಿ ದಾಟುವ ಅಡಿಕೆ ಲೋಡನ್ನು ಉಳಿಸಿಕೊಳ್ಳುವುದು ಹೇಗೆ? ಕೃಷಿ ಸರಕಿನ ಕಳವು ತಡೆಗೆ ಪೊಲೀಸರ ಜೊತೆಗೂಡಿ ಮಾಡಬೇಕಾದ ಕೆಲಸಗಳ ಸಮಗ್ರ ಮಾರ್ಗದರ್ಶಿ

ಇಪ್ಪತ್ತು ಟನ್ ಅಡಿಕೆ ಎಂದರೆ ಇನ್ನೂರು ಕ್ವಿಂಟಾಲ್. ಕ್ವಿಂಟಾಲಿಗೆ 45 ಸಾವಿರ ರೂಪಾಯಿ ಹಿಡಿದರೂ ಒಂದು ಲಾರಿಯ ಮೇಲೆ 90 ಲಕ್ಷ ರೂಪಾಯಿ ಕೂತಿರುತ್ತದೆ. ಅದರಲ್ಲಿ ಎಷ್ಟೋ ತೋಟಗಳ ಒಂದು ವರ್ಷದ ದುಡಿಮೆ, ಸೊಸೈಟಿಯ ಸಾಲ, ಅಡತಿಯವರ ಮುಂಗಡ ಎಲ್ಲ ಸೇರಿರುತ್ತದೆ. ಕಾರಿಗೆ ಚಾಸಿ ನಂಬರ್ ಇದೆ, ಮೊಬೈಲಿಗೆ ಐಎಂಇಐ ಇದೆ. ಅಡಿಕೆಗೆ, ಕಾಳುಮೆಣಸಿಗೆ, ಕಾಫಿ ಬೀಜಕ್ಕೆ ಅಂಥದ್ದೇನೂ ಇಲ್ಲ. ಚೀಲ ಬದಲಿಸಿದ ಮರುಗಳಿಗೆ ಅದು ಯಾರ ಮಾಲಾದರೂ ಆಗಬಹುದು.

ಇನ್ನೊಂದು ತೊಡಕು ದಾರಿಯದು. ಶಿವಮೊಗ್ಗದಲ್ಲಿ ರಾತ್ರಿ ಊಟದ ಹೊತ್ತಿಗೆ ಹೊರಟ ಲಾರಿ ಹರಿಹರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ ದಾಟಿ ಬೆಳಗಾಗುವಷ್ಟರಲ್ಲಿ ಕೊಲ್ಹಾಪುರದ ಕಡೆ ಇರುತ್ತದೆ. ಅಷ್ಟರೊಳಗೆ ಅದು ಹಲವು ಜಿಲ್ಲೆಗಳ ಎಸ್‌ಪಿಗಳ ವ್ಯಾಪ್ತಿ, ಎರಡು ನಗರ ಪೊಲೀಸ್ ಕಮಿಷನರೇಟು, ಒಂದು ರಾಜ್ಯದ ಗಡಿ ದಾಟಿರುತ್ತದೆ. ಮಾಲಿನ ಮಾಲೀಕ ಮಾತ್ರ ಇನ್ನೂ ತನ್ನೂರ ಠಾಣೆಯ ಬೆಂಚಿನ ಮೇಲೆ ಕೂತು ಅರ್ಜಿಯಲ್ಲಿ ಏನು ಬರೆಯಬೇಕೆಂದು ಯೋಚಿಸುತ್ತಿರುತ್ತಾನೆ. ಮಾಲು ಓಡುವಷ್ಟೇ ವೇಗದಲ್ಲಿ ಮಾಹಿತಿಯೂ ಗಡಿ ದಾಟಬೇಕು ಎಂಬುದೊಂದೇ ಈ ಬರಹದ ಹಟ. ಆ ಏರ್ಪಾಡನ್ನು ಕಳವಾದ ಮೇಲೆ ಮಾಡಿಕೊಳ್ಳಲು ಆಗುವುದಿಲ್ಲ, ಲೋಡಾಗುವ ಮೊದಲೇ ಮಾಡಿಟ್ಟಿರಬೇಕು.

ಅಡಿಕೆಯನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಬ್ಯಾಡಗಿ ಮೆಣಸಿನಕಾಯಿ, ಕೊಡಗಿನ ಕಾಫಿ, ಮಲೆನಾಡಿನ ಏಲಕ್ಕಿ ಕಳಿಸುವವರಿಗೂ ಇದು ಹೆಚ್ಚುಕಡಿಮೆ ಹೀಗೇ ಹೊಂದುತ್ತದೆ.

ಮೊದಲು, ಕಳವು ಯಾವ ಬಗೆಯದು ಎಂಬುದು

ಘಾಟಿಯ ಏರಿನಲ್ಲಿ ಲಾರಿ ನಿಧಾನವಾದಾಗ ಹಿಂದಿನಿಂದ ಹತ್ತಿ ತಾರ್ಪಾಲು ಕೊಯ್ದು ನಾಲ್ಕು ಚೀಲ ಉರುಳಿಸುವುದು ಹಳೆಯ ವಿಧಾನ. ದಾರಿಯಲ್ಲೆಲ್ಲೋ ನಿಲ್ಲಿಸಿ ಒಳ್ಳೆಯ ಮಾಲು ತೆಗೆದು ಕಳಪೆ ಮಾಲು ತುಂಬುವುದು, ತೂಕ ಸರಿಹೋಗಲೆಂದು ನೀರು ಚಿಮುಕಿಸುವುದು ಎರಡನೆಯದು. ಇವೆರಡೂ ನಷ್ಟವೇ, ಆದರೆ ವ್ಯಾಪಾರ ಮುಳುಗಿಸುವಂಥವಲ್ಲ.

ಮುಳುಗಿಸುವುದು ಮೂರನೆಯದು. ಬಾಡಿಗೆಗೆಂದು ಬಂದ ಲಾರಿಯೇ ಸುಳ್ಳು. ನಂಬರ್ ಪ್ಲೇಟ್ ಬೇರೆ ಯಾವುದೋ ಲಾರಿಯದು, ಆರ್‌ಸಿ ಜೆರಾಕ್ಸ್ ತಿದ್ದಿದ್ದು, ಚಾಲಕನ ಲೈಸೆನ್ಸಿನ ಫೋಟೊ ಬೇರೆಯವನದು. ನಮ್ಮ ಹಮಾಲರೇ ಲೋಡು ತುಂಬುತ್ತಾರೆ, ನಾವೇ ಬಿಲ್ಲು ಕೊಟ್ಟು, ಮುಂಗಡ ಬಾಡಿಗೆಯನ್ನೂ ಕೈಗಿಟ್ಟು ಕಳಿಸುತ್ತೇವೆ. ಬಾಗಿಲು ಮುರಿಯುವ ಗೋಜೇ ಇಲ್ಲ. ಮೂರನೆಯ ದಿನ ಖರೀದಿದಾರ ಫೋನ್ ಮಾಡಿ "ಗಾಡಿ ಇನ್ನೂ ಬಂದಿಲ್ಲ" ಎಂದಾಗಲೇ ಗೊತ್ತಾಗುವುದು.

ಇದು ನಮ್ಮಲ್ಲಿ ಮಾತ್ರ ಇರುವ ಪಿಡುಗಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾದಾಮಿ, ಪಿಸ್ತಾ, ಅಕ್ರೋಟಿನ ಲೋಡುಗಳನ್ನು ಇದೇ ರೀತಿ ಸುಳ್ಳು ಕಾಗದ ತೋರಿಸಿ ಎತ್ತಿಕೊಂಡು ಹೋಗುತ್ತಿದ್ದರು. ಅಲ್ಲಿನ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಪೊಲೀಸರು, ಸರ್ಕಾರಿ ವಕೀಲರು, ಸಂಸ್ಕರಣಾ ಘಟಕಗಳು ಒಟ್ಟಾಗಿ ಮಾಹಿತಿ ಹಂಚಿಕೊಳ್ಳುವ ಪದ್ಧತಿ ಕಟ್ಟಿಕೊಂಡವು. ಲೋಡು ಎತ್ತಲು ಬಂದ ಚಾಲಕನ ಫೋಟೊ ಮತ್ತು ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುವುದು ಅಲ್ಲಿನ ಘಟಕಗಳಲ್ಲಿ ರೂಢಿಗೆ ಬಂತು. 2021ರ ಜೂನ್‌ನಲ್ಲಿ ತುಲಾರೆ ಕೌಂಟಿಯಲ್ಲಿ ಸುಮಾರು 42,000 ಪೌಂಡ್, ಅಂದರೆ 19 ಟನ್ ಪಿಸ್ತಾ ಕಳವಾಯಿತು. ಪೊಲೀಸರು ಪತ್ತೆ ಮಾಡಿದಾಗ ದೊಡ್ಡ ಮೂಟೆಗಳ ಮಾಲನ್ನು ಮರುಮಾರಾಟಕ್ಕೆಂದು ಸಣ್ಣ ಚೀಲಗಳಿಗೆ ತುಂಬುವ ಕೆಲಸ ಆಗಲೇ ಶುರುವಾಗಿತ್ತು. ಚೀಲದ ಮೇಲಿನ ಮಾರ್ಕನ್ನೇ ನಂಬಿ ಕೂರಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೆಜ್ಜೆ 1: ಲಾರಿ ಗೇಟಿನೊಳಗೆ ಬಂದಾಗ

ಚೀಲ ಎತ್ತುವ ಮೊದಲು ಹದಿನೈದು ನಿಮಿಷ ಇದಕ್ಕೆಂದೇ ತೆಗೆದಿಡಿ. ಹಂಗಾಮಿನ ಗಡಿಬಿಡಿಯಲ್ಲಿ, ಅದರಲ್ಲೂ ಸಂಜೆ ಹೊತ್ತು, ಇದನ್ನೇ ಎಲ್ಲರೂ ಬಿಡುವುದು. ಮೋಸಗಾರರು ಬರುವುದೂ ಅದೇ ಹೊತ್ತಿಗೆ.

ಎಂಪರಿವಾಹನ್ ಆ್ಯಪ್‌ನಲ್ಲಿ ಲಾರಿಯ ನಂಬರ್ ಹಾಕಿ ವಾಹನದ ಮಾದರಿ, ಫಿಟ್‌ನೆಸ್, ವಿಮೆ, ಪರ್ಮಿಟ್ ನೋಡಿ. ಆಮೇಲೆ ಲಾರಿಯ ಚಾಸಿ ಮೇಲೆ ಕೊರೆದಿರುವ ನಂಬರನ್ನು ಕಣ್ಣಾರೆ ನೋಡಿ ಆರ್‌ಸಿಯ ಜೊತೆ ಹೋಲಿಸಿ. ಪ್ಲೇಟ್ ಬದಲಿಸುವುದು ಐದು ನಿಮಿಷದ ಕೆಲಸ, ಚಾಸಿ ನಂಬರ್ ತಿದ್ದುವುದು ಹಾಗಲ್ಲ. 2019ರ ಏಪ್ರಿಲ್ 1ರ ನಂತರದ ವಾಹನವಾದರೆ ಅತಿಸುರಕ್ಷಿತ ನೋಂದಣಿ ಫಲಕ ಕಡ್ಡಾಯ. ಅದರ ಮೇಲೆ ಲೇಸರಿನಲ್ಲಿ ಕೊರೆದ ಸಂಖ್ಯೆ ಇರುತ್ತದೆ, ಮುಂಗಾಜಿನ ಒಳಗೆ ಮೂರನೆಯ ಗುರುತಿನ ಸ್ಟಿಕ್ಕರ್ ಇರುತ್ತದೆ. ಇವು ಇಲ್ಲದಿದ್ದರೆ, ಅಥವಾ ಫಲಕವನ್ನು ಸಾಮಾನ್ಯ ಸ್ಕ್ರೂ ಹಾಕಿ ಕೂರಿಸಿದ್ದರೆ, ಕೇಳಿ.

ಇನ್ನೊಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಲಾರಿ ಮಾಲೀಕರಿಗೆ ಫೋನ್ ಮಾಡಿ, ಕೊನೆಯ ಫಾಸ್ಟ್ಯಾಗ್ ಟೋಲ್ ಕಡಿತ ಎಲ್ಲಿ, ಎಷ್ಟು ಹೊತ್ತಿಗೆ ಆಯಿತೆಂದು ಕೇಳಿ, ಅದರ ಎಸ್‌ಎಂಎಸ್ ಕಳಿಸಲು ಹೇಳಿ. ನಿಜವಾದ ಲಾರಿ ಆ ಹೊತ್ತಿನಲ್ಲಿ ಇನ್ನೆಲ್ಲೋ ಟೋಲ್ ದಾಟುತ್ತಿದ್ದರೆ ನಿಮ್ಮ ಅಂಗಳದಲ್ಲಿ ನಿಂತಿರುವುದು ಅದರ ನಕಲು. ಆದರೆ ಮಾಲೀಕರ ನಂಬರನ್ನು ಚಾಲಕನಿಂದಾಗಲೀ, ಅವನನ್ನು ಕಳಿಸಿದ ಹೊಸ ಬ್ರೋಕರ್‌ನಿಂದಾಗಲೀ ಪಡೆಯಬೇಡಿ. ಆ ನಂಬರಿನ ಆಚೆ ತುದಿಯಲ್ಲೂ ಅವರವನೇ ಇರಬಹುದು. ಲಾರಿ ನೋಂದಣಿಯಾದ ಊರಿನ ಲಾರಿ ಮಾಲೀಕರ ಸಂಘದ ಮೂಲಕ ಅಥವಾ ನಿಮಗೆ ಹಿಂದಿನಿಂದ ಗೊತ್ತಿರುವ ಟ್ರಾನ್ಸ್‌ಪೋರ್ಟ್ ಆಫೀಸಿನ ಮೂಲಕ ವಿಚಾರಿಸಿ.

ಚಾಲಕನ ಲೈಸೆನ್ಸನ್ನು ಸಾರಥಿ ಜಾಲತಾಣದಲ್ಲಿ ನೋಡಿ. ಅವನ ಮೊಬೈಲಿಗೆ ನಿಮ್ಮೆದುರೇ ರಿಂಗ್ ಕೊಡಿ. ಲಾರಿಯ ಪಕ್ಕ ಲೈಸೆನ್ಸ್ ಹಿಡಿದು ನಿಂತ ಚಾಲಕನ ಫೋಟೊ ತೆಗೆಯಿರಿ, ಕ್ಲೀನರ್ ಇದ್ದರೆ ಅವನದೂ. ಯಾಕೆಂದು ಗೌರವದಿಂದ ತಿಳಿಸಿ ಹೇಳಿದರೆ ಪ್ರಾಮಾಣಿಕ ಚಾಲಕ ಬೇಡ ಎನ್ನುವುದಿಲ್ಲ. ಲೋಡು ಕಳವಾದಾಗ ಮೊದಲು ಅನುಮಾನಕ್ಕೆ ಗುರಿಯಾಗುವುದು, ಎಷ್ಟೋ ಸಲ ದಾರಿಯಲ್ಲಿ ಹೊಡೆತ ತಿನ್ನುವುದು ಅವರೇ. ಈ ದಾಖಲೆ ಅವರನ್ನೂ ಕಾಯುತ್ತದೆ.

ಹೆಜ್ಜೆ 2: ಮಾಲಿಗೆ ಗುರುತು ಕೊಡುವುದು

ಮುಂದೆ ಎಲ್ಲೋ ಒಂದು ಗೋದಾಮಿನಲ್ಲಿ ಪೊಲೀಸರಿಗೆ ಅಡಿಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. "ಇದು ನಿಮ್ಮದೇ ಎಂದು ಹೇಗೆ ಹೇಳುತ್ತೀರಿ?" ಎಂಬ ಪ್ರಶ್ನೆಯನ್ನು ಅವರೂ ಕೇಳುತ್ತಾರೆ, ನ್ಯಾಯಾಲಯವೂ ಕೇಳುತ್ತದೆ. ಅದಕ್ಕೆ ಉತ್ತರವನ್ನು ಲೋಡಿಂಗ್ ದಿನವೇ ತಯಾರಿಸಬೇಕು.

ಬಿಲ್ಲಿನಲ್ಲಿ ಬರೀ "ಅಡಿಕೆ" ಎಂದು ಬರೆಯಬೇಡಿ. ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು, ಚಾಲಿ, ಬಿಳಿಗೋಟು ಎಂದು ಜಾತಿವಾರು ಚೀಲದ ಲೆಕ್ಕ, ತೂಕ ಬರಲಿ. ಪ್ರತಿ ಜಾತಿಯಿಂದ ಎರಡೆರಡು ಮಾದರಿ ತೆಗೆದು, ಗಾಳಿಯಾಡದ ಪೊಟ್ಟಣದಲ್ಲಿ ಹಾಕಿ, ದಿನಾಂಕ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಸೀಲ್ ಮಾಡಿ. ಒಂದು ನಿಮ್ಮಲ್ಲಿರಲಿ, ಇನ್ನೊಂದು ಸೊಸೈಟಿಯಲ್ಲೋ ಎಪಿಎಂಸಿ ವರ್ತಕರ ಸಂಘದಲ್ಲೋ ಇರಲಿ. ಮಾಲು ಬದಲಾಯಿಸಿದ ಪ್ರಕರಣದಲ್ಲಿ ನಿಮ್ಮ ಕೈಯಲ್ಲಿರುವ ಆಸರೆ ಹೆಚ್ಚುಕಡಿಮೆ ಇದೊಂದೇ.

ಚೀಲದ ಹೊರಗಿನ ಮಾರ್ಕಿನ ಜೊತೆ, ಅಲ್ಲಲ್ಲಿ ಕೆಲವು ಚೀಲಗಳ ಒಳಗೆ ನಿಮ್ಮದೇ ಗುರುತಿನ ಚೀಟಿ ಹಾಕಿ. ಯಾವ ಚೀಲ, ಏನು ಗುರುತು ಎಂಬುದು ಇಬ್ಬರಿಗೆ ಮಾತ್ರ ಗೊತ್ತಿರಲಿ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಜಿಪಿಎಸ್ ಸಾಧನವನ್ನು ಲೋಡಿನ ನಡುವಿನ ಚೀಲದಲ್ಲಿ ಇಡುವುದು ಈಗ ದುಬಾರಿಯಲ್ಲ. ಲಾರಿಯ ಜಿಪಿಎಸ್ ಲಾರಿಯ ಜೊತೆ ಹೋಗುತ್ತದೆ, ಚೀಲದ ಜಿಪಿಎಸ್ ಮಾಲಿನ ಜೊತೆ ಹೋಗುತ್ತದೆ. ಮಾಲನ್ನು ಇನ್ನೊಂದು ಗಾಡಿಗೆ ದಾಟಿಸಿದಾಗ ಈ ವ್ಯತ್ಯಾಸ ತಿಳಿಯುತ್ತದೆ. ಲೋಡು ತುಂಬಿದ ಮೇಲೆ ತಾರ್ಪಾಲು, ಹಗ್ಗದ ಗಂಟು, ಸೀಲಿನ ನಂಬರ್, ತೂಕದ ಸೇತುವೆಯ ಚೀಟಿ, ನಾಲ್ಕೂ ಕಡೆಯಿಂದ ಲಾರಿ, ಇವುಗಳ ಫೋಟೊ ತೆಗೆಯಿರಿ.

ಹೆಜ್ಜೆ 3: ಒಂದು ಪುಟದ ಲೋಡ್ ಪತ್ರ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರಿಗೆ ನಾನು ಈ ಹೆಜ್ಜೆಯನ್ನೇ ತೋರಿಸುತ್ತೇನೆ.

ಬೇರೆ ಜಿಲ್ಲೆಯ ಠಾಣೆಯಲ್ಲಿ ರಾತ್ರಿ ಎರಡು ಗಂಟೆಗೆ ಪಾಳಿಯಲ್ಲಿರುವ ಪೊಲೀಸರಿಗೆ ನಿಮ್ಮ ಪರಿಚಯವಿಲ್ಲ, ಅಡಿಕೆಯ ಜಾತಿ ಗೊತ್ತಿಲ್ಲ, ನಿಮ್ಮ ಕಥೆ ಪೂರ್ತಿ ಕೇಳಲು ಸಮಯವೂ ಇಲ್ಲ. ಅವರಿಗೆ ಬೇಕಾದ್ದು ಯಾವ ಗಾಡಿ, ಯಾವ ಬಣ್ಣ, ಯಾವ ದಿಕ್ಕು, ಕೊನೆಗೆ ಎಲ್ಲಿ ಕಂಡಿತು, ಯಾರಿಗೆ ಹೇಳಬೇಕು ಎಂಬಷ್ಟೇ. ಇದನ್ನು ಲೋಡು ಹೊರಡುವ ಮೊದಲೇ ಒಂದು ಪುಟದಲ್ಲಿ ಬರೆದು ಪಿಡಿಎಫ್ ಮಾಡಿ ಮೊಬೈಲಿನಲ್ಲಿಡಿ.

ಮೇಲ್ಭಾಗದಲ್ಲಿ ಲಾರಿಯ ನಂಬರ್, ಕಂಪನಿ, ಗಾಲಿಗಳ ಸಂಖ್ಯೆ, ಕ್ಯಾಬಿನ್ನಿನ ಬಣ್ಣ, ಮುಂದೆ ಹಿಂದೆ ಬರೆಸಿದ ಹೆಸರು ಅಥವಾ ಚಿತ್ರ, ತಾರ್ಪಾಲಿನ ಬಣ್ಣ. ನಂಬರ್ ಪ್ಲೇಟ್ ಬದಲಾದರೂ ಕ್ಯಾಬಿನ್ನಿನ ಮೇಲಿನ ಚಿತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಅದರ ಕೆಳಗೆ ಚಾಲಕನ ಹೆಸರು, ಲೈಸೆನ್ಸ್ ನಂಬರ್, ಮೊಬೈಲ್ ನಂಬರ್, ಫೋಟೊ. ಆಮೇಲೆ ಮಾಲಿನ ವಿವರ, ಚೀಲದ ಸಂಖ್ಯೆ, ತೂಕ, ಮೌಲ್ಯ. ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿ ಪೋರ್ಟಲಿನಲ್ಲಿ ಮಾಡುವ ದಾಖಲೆ) ನಂಬರ್, ಬಿಲ್ಟಿ (ಸಾಗಣೆದಾರ ಕೊಡುವ ರಸೀದಿ) ನಂಬರ್, ವಿಮೆಯ ಪಾಲಿಸಿ ನಂಬರ್. ಹೊರಟ ಹೊತ್ತು, ಒಪ್ಪಿಕೊಂಡ ದಾರಿ, ದಾಟಬೇಕಾದ ಟೋಲುಗಳು. ಕೊನೆಗೆ ಹಗಲು ರಾತ್ರಿ ಫೋನ್ ಎತ್ತುವ ಇಬ್ಬರ ನಂಬರ್. ಒಂದು ಪ್ರತಿ ಕನ್ನಡದಲ್ಲಿ, ಒಂದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲಿ. ನಿಪ್ಪಾಣಿ ದಾಟಿದ ಮೇಲೆ ಕನ್ನಡದ ಪುಟವನ್ನು ಓದುವವರು ಸಿಗುವುದು ಕಷ್ಟ.

ಚೀಲದೊಳಗಿನ ಗುಪ್ತ ಗುರುತು ಮತ್ತು ಜಿಪಿಎಸ್ ವಿಷಯ ಈ ಪುಟದಲ್ಲಿ ಬೇಡ. ಈ ಪತ್ರ ಹಲವು ಕೈ ದಾಟುತ್ತದೆ. ಗುಪ್ತ ವಿವರವನ್ನು ತನಿಖಾಧಿಕಾರಿಗೆ ಮಾತ್ರ ತಿಳಿಸಿ.

ಹೆಜ್ಜೆ 4: ದಾರಿಯ ಲೆಕ್ಕ

ಮೌಲ್ಯ 50 ಸಾವಿರ ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕು. ಸಾಮಾನ್ಯ ಸರಕಿಗೆ ಅದರ ಅವಧಿ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಇದನ್ನು ತೆರಿಗೆಯ ಕಾಗದವೆಂದು ಮಾತ್ರ ನೋಡಬೇಡಿ. ಅದರ ಎರಡನೇ ಭಾಗದಲ್ಲಿ ವಾಹನದ ನಂಬರ್ ಇರುತ್ತದೆ, ದಾರಿಯಲ್ಲಿ ಗಾಡಿ ಬದಲಾದರೆ ಅಲ್ಲೂ ಬದಲಾಗಬೇಕು. ಲೋಡು ದಾರಿಯಲ್ಲಿರುವಷ್ಟು ದಿನ ಬೆಳಿಗ್ಗೆ ಸಂಜೆ ಪೋರ್ಟಲಿನಲ್ಲಿ ನೋಡಿ. ನಿಮಗೆ ಹೇಳದೆ ವಾಹನದ ನಂಬರ್ ಬದಲಾಗಿದ್ದರೆ ಆಗಲೇ ಫೋನ್ ಎತ್ತಿ. ಇ-ವೇ ಬಿಲ್ ವ್ಯವಸ್ಥೆ ಫಾಸ್ಟ್ಯಾಗ್ ಜೊತೆ ಜೋಡಣೆಯಾಗಿರುವುದರಿಂದ ಆ ವಾಹನ ಯಾವ ಟೋಲ್ ದಾಟಿತು ಎಂಬುದನ್ನು ತೆರಿಗೆ ಅಧಿಕಾರಿಗಳು ನೋಡಬಲ್ಲರು. ಈ ಕಾರಣಕ್ಕೆ ವಾಣಿಜ್ಯ ತೆರಿಗೆ ಇಲಾಖೆಯ ಜಾರಿ ವಿಭಾಗವೂ ನಿಮ್ಮ ಸಹಕಾರದ ಬಳಗದಲ್ಲಿ ಇರಬೇಕು.

ಚಾಲಕನ ಜೊತೆ ಕೂತು ಎಲ್ಲಿ ಊಟ, ಎಲ್ಲಿ ನಿದ್ದೆ, ಎಷ್ಟು ಹೊತ್ತಿಗೆ ಫೋನ್ ಎಂದು ಮಾತಾಡಿಕೊಳ್ಳಿ. ಗಾಡಿ ಒಪ್ಪಿದ ದಾರಿ ಬಿಟ್ಟಿತು, ಫೋನ್ ಸ್ವಿಚ್ ಆಫ್, ಜಿಪಿಎಸ್ ಮೌನ: ಇವುಗಳಲ್ಲಿ ಯಾವುದಾದರೂ ಎರಡು ಒಟ್ಟಿಗೆ ಆದರೆ ಎಷ್ಟು ಹೊತ್ತು ಕಾಯುವುದೆಂದು ಮೊದಲೇ ತೀರ್ಮಾನಿಸಿಡಿ. ಒಂದು ಗಂಟೆಗಿಂತ ಹೆಚ್ಚು ಬೇಡ ಎಂಬುದು ನನ್ನ ಅಭಿಪ್ರಾಯ. ಗಾಡಿ ಕೆಟ್ಟು ನಿಂತಿದ್ದರೆ ಪೊಲೀಸರಿಗೆ ಇನ್ನೊಂದು ಫೋನ್ ಮಾಡಿ ತಿಳಿಸಿದರಾಯಿತು.

ಹೆಜ್ಜೆ 5: ಕಳವಿಗೆ ಮುಂಚೆ ಪೊಲೀಸರ ಜೊತೆ ಕೂರುವುದು

ಒಬ್ಬ ವರ್ತಕ ಎಸ್‌ಪಿ ಕಚೇರಿಗೆ ಹೋದರೆ ಅದು ಅಹವಾಲು. ವರ್ತಕರ ಸಂಘ, ಮಾರಾಟ ಸಹಕಾರ ಸಂಘ, ಲಾರಿ ಮಾಲೀಕರ ಸಂಘ, ಎಪಿಎಂಸಿ ಕಾರ್ಯದರ್ಶಿ ಒಟ್ಟಿಗೆ ಹೋದರೆ ಅದು ಯೋಜನೆಯ ಸಭೆ. ಕ್ಯಾಂಪ್ಕೊ, ಮ್ಯಾಮ್‌ಕೋಸ್, ತುಮ್‌ಕೋಸ್, ಶಿರಸಿಯ ಟಿಎಸ್‌ಎಸ್‌ನಂಥ ಹಳೆಯ ಸಂಸ್ಥೆಗಳು ಇರುವ ನಮ್ಮ ಅಡಿಕೆ ಸೀಮೆಗೆ ಸಂಘಟನೆ ಹೊಸದಲ್ಲ, ದರಕ್ಕಾಗಿ ಕೂಡುವವರು ದಾರಿಯ ಭದ್ರತೆಗಾಗಿಯೂ ಕೂಡಬಹುದು.

ಹಂಗಾಮು ಶುರುವಾಗುವ ಮೊದಲೇ ಹೋಗಿ. ಬೇಡಿಕೆ ಸ್ಪಷ್ಟವಾಗಿರಲಿ. ಜಿಲ್ಲೆಯಲ್ಲಿ ಕೃಷಿ ಸರಕಿನ ಕಳವಿಗೆ ಒಬ್ಬ ಸಂಪರ್ಕಾಧಿಕಾರಿಯನ್ನು ಗೊತ್ತುಮಾಡಿ ಎಂದು ಕೇಳಿ. ನಿಮ್ಮ ಲೋಡುಗಳು ಯಾವ ದಾರಿಯಲ್ಲಿ, ಯಾವ ತಿಂಗಳುಗಳಲ್ಲಿ, ಹೆಚ್ಚಾಗಿ ಯಾವ ಹೊತ್ತಿನಲ್ಲಿ ಹೋಗುತ್ತವೆ ಎಂಬ ಒಂದು ನಕ್ಷೆ ಕೊಡಿ. ಹೆದ್ದಾರಿ ಗಸ್ತು ಎಲ್ಲಿ ಬೇಕು ಎಂಬುದನ್ನು ಪೊಲೀಸರು ಆ ನಕ್ಷೆ ನೋಡಿ ತೀರ್ಮಾನಿಸಬಲ್ಲರು.

ಜಿಲ್ಲೆಯ ಮೇಲಿನ ಹಂತವನ್ನು ಮರೆಯಬೇಡಿ. ಪೊಲೀಸ್ ಇಲಾಖೆಯಲ್ಲಿ ಹಲವು ಜಿಲ್ಲೆಗಳು ಸೇರಿ ಒಂದು ವಲಯವಾಗುತ್ತವೆ, ಅದಕ್ಕೊಬ್ಬ ಐಜಿಪಿ ಇರುತ್ತಾರೆ. ಪೂರ್ವ ವಲಯದ ಕಚೇರಿ ದಾವಣಗೆರೆಯಲ್ಲಿದೆ, ಪಶ್ಚಿಮ ವಲಯದ್ದು ಮಂಗಳೂರಿನಲ್ಲಿ, ಉತ್ತರ ವಲಯದ್ದು ಬೆಳಗಾವಿಯಲ್ಲಿ. ಶಿವಮೊಗ್ಗದ ಲೋಡು ಮಹಾರಾಷ್ಟ್ರಕ್ಕೆ ಹೋಗುವ ದಾರಿಯಲ್ಲಿ ಪೂರ್ವ ವಲಯದಿಂದ ಉತ್ತರ ವಲಯಕ್ಕೆ ದಾಟುತ್ತದೆ, ನಡುವೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಕಮಿಷನರೇಟುಗಳೂ ಬರುತ್ತವೆ. ಆದ್ದರಿಂದ ಮನವಿಯ ಪ್ರತಿ ನಿಮ್ಮ ದಾರಿ ಹಾಯುವ ಪ್ರತಿ ವಲಯದ ಐಜಿಪಿ ಕಚೇರಿಗೂ ಹೋಗಲಿ. ಗಡಿ ಜಿಲ್ಲೆಗಳ ಪೊಲೀಸರು ಪಕ್ಕದ ರಾಜ್ಯದವರ ಜೊತೆ ಅಪರಾಧ ತಡೆಗಾಗಿ ಸಮನ್ವಯ ಸಭೆ ನಡೆಸುವುದುಂಟು. ಚುನಾವಣೆ, ಮದ್ಯ, ಮಾದಕ ವಸ್ತುಗಳ ಜೊತೆಗೆ ಕೃಷಿ ಸರಕಿನ ಕಳವನ್ನೂ ಆ ಸಭೆಯ ಕಾರ್ಯಸೂಚಿಗೆ ಸೇರಿಸಿ ಎಂದು ಲಿಖಿತವಾಗಿ ಕೇಳಿ. ಹಳೆಯ ಪ್ರಕರಣಗಳ ಎಫ್‌ಐಆರ್ ಸಂಖ್ಯೆ, ಬಳಸಿದ ಮೊಬೈಲ್ ನಂಬರ್, ಸುಳ್ಳು ಲಾರಿ ನಂಬರ್ ಇವುಗಳ ಪಟ್ಟಿ ಜೊತೆಗಿದ್ದರೆ ಆ ಪತ್ರಕ್ಕೆ ತೂಕ ಬರುತ್ತದೆ. ಒಂದೇ ತಂಡ ಬೇರೆ ಬೇರೆ ಜಿಲ್ಲೆಯಲ್ಲಿ ಕೈಚಳಕ ತೋರಿಸಿದ್ದು ಹೊರಬೀಳುವುದೇ ಇಂಥ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ. ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಜಾಲ ಇದೆ ನಿಜ. ಆದರೆ ಅದರಲ್ಲಿ ಹುಡುಕಬೇಕಾದರೆ ಹುಡುಕಲು ಯೋಗ್ಯವಾದ ವಿವರವನ್ನು ಯಾರೋ ಮೊದಲು ತುಂಬಿರಬೇಕು.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆ ಎಚ್ಚರ. ಸಂಪರ್ಕಾಧಿಕಾರಿ, ಸಂಘಗಳ ಗೊತ್ತಾದ ಪ್ರತಿನಿಧಿಗಳು ಇರುವ ಚಿಕ್ಕ ಗುಂಪು ಸಾಕು. ಚಾಲಕನ ಫೋಟೊ ಹಾಕಿ "ಕಳ್ಳ, ಕಂಡಲ್ಲಿ ಹಿಡಿಯಿರಿ" ಎಂದು ನೂರಾರು ಜನರ ಗುಂಪಿಗೆ ಬಿಡುವುದು ಅನ್ಯಾಯ, ಅಪಾಯ ಕೂಡ. ಹೆದ್ದಾರಿಯಲ್ಲಿ ಜನ ಗಾಡಿ ತಡೆದು ಹೊಡೆದರೆ ಜೀವ ಹೋಗಬಹುದು, ಪ್ರಕರಣವೂ ಕೆಡುತ್ತದೆ.

ಹೆಜ್ಜೆ 6: ಗಾಡಿ ಕಾಣೆಯಾದ ಮೊದಲ ಕೆಲವು ಗಂಟೆ

ಮೊದಲು ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ. ಕೂಡಲೇ ಸಂಪರ್ಕಾಧಿಕಾರಿಗೆ ಲೋಡ್ ಪತ್ರ ಕಳಿಸಿ. ಜಿಪಿಎಸ್ ಕೊನೆಯದಾಗಿ ತೋರಿಸಿದ ಜಾಗದ ಸ್ಕ್ರೀನ್‌ಶಾಟ್ ಸಮಯ ಕಾಣುವ ಹಾಗೆ ತೆಗೆಯಿರಿ. ಮುಂಗಡ ಬಾಡಿಗೆಯನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕ ಕೊಟ್ಟಿದ್ದರೆ, ಅದು ಮೋಸವೆಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ದುಡ್ಡು ಆ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಹಿಡಿಯಲು ಅವಕಾಶವಿದೆ, ಆ ಖಾತೆ ಯಾರದೆಂಬುದು ತನಿಖೆಗೂ ದಾರಿ. ಗಾಬರಿಯಲ್ಲಿ ಇ-ವೇ ಬಿಲ್ ರದ್ದು ಮಾಡಬೇಡಿ, ಅದು ಸಾಕ್ಷ್ಯ. ಸ್ವಂತ ಕಾರು ಹತ್ತಿ ಬೆನ್ನಟ್ಟಲೂ ಹೋಗಬೇಡಿ.

ಆಮೇಲೆ ಹತ್ತಿರದ ಠಾಣೆಗೆ ಹೋಗಿ. ಅಲ್ಲಿ ಕೇಳಿಬರಬಹುದಾದ ಮಾತು, "ಲಾರಿ ಕಾಣೆಯಾಗಿದ್ದು ನಮ್ಮ ವ್ಯಾಪ್ತಿಯಲ್ಲಲ್ಲ." ಇದಕ್ಕೆ ಜಗಳ ಬೇಡ, ಕಾನೂನು ಗೊತ್ತಿದ್ದರೆ ಸಾಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ) ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಜನ ಇದನ್ನೇ ಜೀರೊ ಎಫ್‌ಐಆರ್ ಎನ್ನುವುದು. ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಅದೇ ಮಾಹಿತಿಯನ್ನು ಬರಹದಲ್ಲಿ ಎಸ್‌ಪಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಪ್ರಯಾಣದಲ್ಲಿರುವ ವಸ್ತುವಿನ ಮೇಲೆ ನಡೆದ ಅಪರಾಧವನ್ನು ಆ ವಸ್ತು ಹಾದುಹೋದ ಯಾವುದೇ ಪ್ರದೇಶದ ನ್ಯಾಯಾಲಯ ವಿಚಾರಿಸಬಹುದು ಎಂದು ಕಲಂ 203 ಹೇಳುತ್ತದೆ. ಗಡಿ ದಾಟಿದ ಲೋಡಿಗೆ ಇದು ದೊಡ್ಡ ಆಸರೆ.

ದೂರಿನಲ್ಲಿ ಯಾವ ಕಲಂ ಎಂಬುದು ವಕೀಲರ ಕೆಲಸ ಎಂದುಕೊಳ್ಳಬೇಡಿ, ನಿಮ್ಮ ಸಮಯ ಅದರ ಮೇಲೆ ನಿಂತಿದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳವಿಗೆ, ಅಂದರೆ 303(2)ಕ್ಕೆ, ಮೂರು ವರ್ಷದವರೆಗೆ ಶಿಕ್ಷೆ. ಮೂರು ವರ್ಷದಿಂದ ಏಳಕ್ಕಿಂತ ಕಡಿಮೆ ಶಿಕ್ಷೆಯಿರುವ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ. ಹದಿನಾಲ್ಕು ದಿನದಲ್ಲಿ ನಿಮ್ಮ ಅಡಿಕೆ ಗುಟ್ಕಾ ಕಾರ್ಖಾನೆಯಲ್ಲಿ ಪುಡಿಯಾಗಿರುತ್ತದೆ. ಆದರೆ ಸರಕು ಸಾಗಣೆ ವಾಹನದಿಂದ ಮಾಲು ಕದ್ದರೆ ಕಲಂ 305, ಸಾಗಣೆಗೆಂದು ಒಪ್ಪಿಸಿದ ಮಾಲನ್ನು ಸಾಗಣೆದಾರನೇ ನುಂಗಿದರೆ 316(3), ಮೋಸದಿಂದ ಮಾಲು ಪಡೆದರೆ 318(4). ಈ ಮೂರಕ್ಕೂ ಏಳು ವರ್ಷದವರೆಗೆ ಶಿಕ್ಷೆ, ಆದ್ದರಿಂದ ಅವು ಆ ವಿಚಾರಣೆಯ ಪಟ್ಟಿಯೊಳಗೆ ಬರುವುದಿಲ್ಲ. ಗುಂಪು ಅಥವಾ ಗ್ಯಾಂಗಿನ ಕೃತ್ಯವಾದರೆ ಸಣ್ಣ ಸಂಘಟಿತ ಅಪರಾಧದ ಕಲಂ 112 ಇದೆ, ಅದರ ವಿವರಣೆಯಲ್ಲಿ ಸರಕು ಕಳವಿನ ಹೆಸರೇ ಇದೆ. ಸುಳ್ಳು ಆರ್‌ಸಿ, ಸುಳ್ಳು ಲೈಸೆನ್ಸ್ ತೋರಿಸಿದ್ದರೆ ನಕಲಿ ದಾಖಲೆಯ ಕಲಂಗಳೂ ಸೇರುತ್ತವೆ. ಯಾವುದನ್ನು ಹಾಕಬೇಕೆಂಬ ತೀರ್ಮಾನ ಪೊಲೀಸರದು. ನೀವು ಮಾಡಬೇಕಾದ್ದು, ನಡೆದದ್ದನ್ನು ಸಾಗಣೆ, ನಂಬಿಕೆಯಿಂದ ಒಪ್ಪಿಸಿದ್ದು, ಸುಳ್ಳು ದಾಖಲೆ ಎಂಬ ಮೂರೂ ಅಂಶ ಬಿಡಿಬಿಡಿಯಾಗಿ ಕಾಣುವಂತೆ ಬರೆಯುವುದು.

ದೂರಿನ ಜೊತೆ ಇನ್ನೊಂದು ಅರ್ಜಿ ಕೊಡಿ: ದಾರಿಯ ಟೋಲುಗಳ, ಪೆಟ್ರೋಲ್ ಬಂಕುಗಳ ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ಕಾದಿರಿಸಲು ಕೂಡಲೇ ಸೂಚನೆ ಕಳಿಸಬೇಕು ಎಂದು. ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತ ಹೋಗುವುದು ಈ ಯಂತ್ರಗಳ ಸ್ವಭಾವ. ಯಾವ ಟೋಲ್, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು ಅರ್ಜಿಯಲ್ಲಿ ನೀವೇ ಬರೆದುಕೊಟ್ಟರೆ ಪೊಲೀಸರ ಅರ್ಧ ಕೆಲಸ ಹಗುರವಾಗುತ್ತದೆ.

ಹೆಜ್ಜೆ 7: ಸಾಗಣೆದಾರ, ವಿಮೆ

ಇಲ್ಲಿ ಗಡುವು ಮುಖ್ಯ. 2007ರ ರಸ್ತೆ ಸಾಗಣೆ ಕಾಯ್ದೆಯಂತೆ, ಸಾಗಣೆದಾರನ ಮೇಲೆ ದಾವೆ ಹೂಡಬೇಕಾದರೆ ಸರಕು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ನಷ್ಟದ ಲಿಖಿತ ನೋಟಿಸ್ ಕೊಟ್ಟಿರಬೇಕು. ಪೊಲೀಸರು ಹುಡುಕಲಿ ನೋಡೋಣ ಎಂದು ಕಾಯುತ್ತ ಈ ಗಡುವು ಕಳೆದುಕೊಳ್ಳಬೇಡಿ. ಹೆಚ್ಚಿನ ಮೌಲ್ಯ ಘೋಷಿಸಿ ಅದಕ್ಕೆ ತಕ್ಕ ದರ ಕೊಡದಿದ್ದರೆ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 90 ಲಕ್ಷದ ಮಾಲಿಗೆ ಅದು ಯಾವ ಮೂಲೆಗೂ ಸಾಲದು, ಆದ್ದರಿಂದ ಸಾಗಣೆ ವಿಮೆ ಬೇಕೇ ಬೇಕು. ಪಾಲಿಸಿ ಮಾಡಿಸುವಾಗ ಕಳವು ಮತ್ತು ಚಾಲಕನ ಅಪ್ರಾಮಾಣಿಕತೆ ಎರಡೂ ಒಳಗೊಂಡಿದೆಯೇ ಎಂದು ಓದಿ ನೋಡಿ.

ಹೆಜ್ಜೆ 8: ಕೊಳ್ಳುವ ಕಡೆಯ ಬಾಗಿಲು

ಕದ್ದ ಅಡಿಕೆಯನ್ನು ಯಾರೂ ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ಯಾವುದೋ ಮಂಡಿಯಲ್ಲಿ, ಯಾವುದೋ ಗೋದಾಮಿನಲ್ಲಿ ಅದು ದುಡ್ಡಾಗಲೇಬೇಕು. ಗಡಿಯಾಚೆಯ ಸಹಕಾರ ಪೊಲೀಸರ ನಡುವೆ ಮಾತ್ರ ಸಾಲದು ಎನ್ನುವುದು ಇದಕ್ಕೇ. ಗುಜರಾತ್, ದೆಹಲಿ, ನಾಗಪುರ, ಕಾನ್ಪುರದ ನಿಮ್ಮ ಖರೀದಿದಾರರಿಗೆ, ಅಲ್ಲಿನ ವರ್ತಕ ಸಂಘಗಳಿಗೆ ಎಫ್‌ಐಆರ್ ಸಂಖ್ಯೆಯ ಜೊತೆ ಮಾಲಿನ ಜಾತಿ, ಪ್ರಮಾಣ, ದಿನಾಂಕ ತಿಳಿಸಿ. ದರಕ್ಕಿಂತ ಎದ್ದು ಕಾಣುವಷ್ಟು ಕಡಿಮೆಗೆ, ಬಿಲ್ಲಿಲ್ಲದೆ, ನಗದಿಗೆ, ಹೊಸ ಚೀಲದಲ್ಲಿ ಮಲೆನಾಡಿನ ಮಾಲು ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ಅವರಿಗೆ ಗೊತ್ತಿರಲಿ. ಕದ್ದದ್ದೆಂದು ತಿಳಿದೂ, ಅಥವಾ ನಂಬಲು ಕಾರಣವಿದ್ದೂ ಕೊಂಡರೆ ನ್ಯಾಯ ಸಂಹಿತೆಯ ಕಲಂ 317ರ ಕೆಳಗೆ ಅದೂ ಅಪರಾಧ.

ಈ ನಿಯಮ ನಮ್ಮ ಮಂಡಿಗಳಿಗೂ ಅನ್ವಯ. ಬೇರೆ ಜಿಲ್ಲೆಯಲ್ಲಿ ಕದ್ದ ಮೆಣಸೋ ಕಾಫಿಯೋ ನಮ್ಮಲ್ಲಿಗೆ ಮಾರಾಟಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡವರು, ತಮ್ಮ ಲೋಡು ಕಳೆದಾಗ ಆಚೆಯವರ ನೆರವು ಕೇಳುವುದು ಹೇಗೆ?

ಹೆಜ್ಜೆ 9: ಮಾಲು ಸಿಕ್ಕ ಮೇಲೆ

ಸಿಕ್ಕಿತು ಎಂದು ಫೋನ್ ಬಂದ ದಿನ ಮುಗಿಯಿತು ಎಂದುಕೊಂಡವರು ಎಷ್ಟೋ ಜನ. ಜಪ್ತಿಯಾದ ಮಾಲು ಠಾಣೆಯ ಆವರಣದಲ್ಲಿ ತಾರ್ಪಾಲಿನ ಕೆಳಗೆ ಒಂದು ಮಳೆಗಾಲ ಕಳೆದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಕಳ್ಳನಿಂದ ಉಳಿದದ್ದು ತೇವಕ್ಕೆ ಹೋಗುತ್ತದೆ.

ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497 ಇದಕ್ಕೆ ದಾರಿ ಮಾಡಿದೆ. ವಸ್ತು ಮುಂದೆ ಬಂದ 14 ದಿನದೊಳಗೆ ನ್ಯಾಯಾಲಯ ಅದರ ವಿವರ ಪಟ್ಟಿ ಮಾಡಬೇಕು, ಫೋಟೊ ಅಥವಾ ವಿಡಿಯೊ ತೆಗೆಸಬೇಕು, ಆಮೇಲೆ 30 ದಿನದೊಳಗೆ ವಿಲೇವಾರಿಯ ಆದೇಶ ಮಾಡಬೇಕು. ಬೇಗ ಹಾಳಾಗುವ ಮಾಲನ್ನು ಮಾರಲೂ ಆದೇಶಿಸಬಹುದು. ಆ ಫೋಟೊ, ವಿಡಿಯೊಗಳೇ ಮುಂದೆ ಸಾಕ್ಷ್ಯ, ಮಾಲನ್ನೇ ಕೊನೆಯವರೆಗೆ ಕೂಡಿಡಬೇಕಾಗಿಲ್ಲ. ಆದ್ದರಿಂದ ಜಪ್ತಿಯಾದ ವಾರದೊಳಗೆ ಬಿಡುಗಡೆಯ ಅರ್ಜಿ ಹೋಗಲಿ. ಬೇರೆ ರಾಜ್ಯದಲ್ಲಿ ಸಿಕ್ಕಿದ್ದರೆ ಯಾವ ನ್ಯಾಯಾಲಯದ ಮುಂದೆ ಮಾಲು ಹಾಜರಾಗಿದೆ ಎಂದು ತನಿಖಾಧಿಕಾರಿಯಿಂದ ತಿಳಿದುಕೊಂಡು ಅಲ್ಲಿನ ವಕೀಲರನ್ನು ಹಿಡಿಯಿರಿ. ಅರ್ಜಿಯ ಜೊತೆ ಬಿಲ್ಲು, ಇ-ವೇ ಬಿಲ್, ತೂಕದ ಚೀಟಿ, ಸೀಲ್ ಮಾಡಿಟ್ಟ ಮಾದರಿಯ ವಿವರ ಇರಲಿ. ಗುಪ್ತ ಗುರುತಿನ ಚೀಲಗಳನ್ನು ತೋರಿಸಿಕೊಡಲು, ಅದು ಗೊತ್ತಿರುವ ವ್ಯಕ್ತಿಯೇ ಹೋಗಬೇಕು.

ಜಿಪಿಎಸ್ ದಾಖಲೆ, ನಿಮ್ಮ ಅಂಗಳದ ಸಿಸಿಟಿವಿ, ಫೋನಿನ ಫೋಟೊಗಳು ಸಾಕ್ಷ್ಯವಾಗಬೇಕಾದರೆ ಎಲೆಕ್ಟ್ರಾನಿಕ್ ದಾಖಲೆಗಳಿಗೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಹೇಳುವ ಪ್ರಮಾಣಪತ್ರ ಬೇಕು. ಮೂಲ ಫೋನನ್ನು, ಮೂಲ ಹಾರ್ಡ್ ಡಿಸ್ಕನ್ನು ಪ್ರಕರಣ ಮುಗಿಯುವವರೆಗೆ ಜೋಪಾನ ಮಾಡಿ. ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಹಾದು ಬಂದ ಪ್ರತಿಗಳಷ್ಟೇ ಉಳಿದಿದ್ದರೆ ಎದುರು ವಕೀಲರಿಗೆ ಕೆಲಸ ಸುಲಭ.

ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಇದೇ ಸಂಹಿತೆಯ ಕಲಂ 193 ಹೇಳುತ್ತದೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟು, ತಿಳಿಸದಿದ್ದರೆ ವಿನಯದಿಂದ ಬರಹದಲ್ಲೇ ಕೇಳಿ.

ಹೆಜ್ಜೆ 10: ತಪ್ಪಿಹೋದ ಯತ್ನವನ್ನೂ ದಾಖಲಿಸುವುದು

ಚಾಸಿ ನಂಬರ್ ತೋರಿಸಿ ಎಂದ ಕೂಡಲೇ ಚಾಲಕ ಗಾಡಿ ತಿರುಗಿಸಿಕೊಂಡು ಹೋದ. ಹೆಚ್ಚಿನವರು ದೇವರು ಕಾಪಾಡಿದ ಎಂದು ಅಲ್ಲಿಗೇ ಬಿಡುತ್ತಾರೆ. ಅದೇ ಲಾರಿ ಮಾರನೆಯ ದಿನ ಚನ್ನಗಿರಿಯಲ್ಲೋ ಪುತ್ತೂರಿನಲ್ಲೋ ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ. ಆ ನಂಬರ್, ಫೋಟೊ, ಕಳಿಸಿದ ಬ್ರೋಕರಿನ ಮೊಬೈಲ್ ಸಂಖ್ಯೆ ಅರ್ಧ ಗಂಟೆಯೊಳಗೆ ಸಂಪರ್ಕಾಧಿಕಾರಿಗೂ ಸಂಘಕ್ಕೂ ತಲುಪಬೇಕು. ಹೆಸರು ಹೋಗುತ್ತದೆಂಬ ಸಂಕೋಚ ಇಲ್ಲಿ ಬೇಡ.

ಸಂಘದ ಕಚೇರಿಯಲ್ಲಿ ಇದಕ್ಕೊಂದು ಪುಸ್ತಕ ಇಡಿ: ದಿನಾಂಕ, ಲಾರಿ ನಂಬರ್, ಹೇಗೆ ಗೊತ್ತಾಯಿತು, ಯಾರಿಗೆ ತಿಳಿಸಲಾಯಿತು, ಅವರು ಏನು ಮಾಡಿದರು. ಹಂಗಾಮಿನಲ್ಲಿ ತಿಂಗಳಿಗೊಮ್ಮೆ ಅದನ್ನು ಹಿಡಿದುಕೊಂಡು ಸಂಪರ್ಕಾಧಿಕಾರಿಯ ಜೊತೆ ಕೂತು ಮಾತಾಡಿ, ಪಕ್ಕದ ಜಿಲ್ಲೆಯ ಸಂಘಕ್ಕೂ ಒಂದು ಪ್ರತಿ ಕಳಿಸಿ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ. ಹೊಸಬರು ಬಂದ ವಾರವೇ ಹೋಗಿ ಈ ಪುಸ್ತಕವನ್ನು ಅವರ ಮುಂದಿಡಿ.